ಔಷಧಪರೀಕ್ಷಾಧಿಕಾರಿಗಳ ಪೂರ್ವೇತಿಹಾಸ

ಐನಾಪುರವುಳ್ಳ ಚಿಂಚೋಳಿ ಸೀಮೆಗೆ ನೆರೆಯಾದ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಉಗ್ರಾದಿತ್ಯಾಚಾರ್ಯನು ತನ್ನ ‘ಕಲ್ಯಾಣಕಾರಕ’ದ ಕೊನೆಯಲ್ಲಿ, ಮಾಂಸವು ಔಷಧವಲ್ಲವೆಂದು ತಾನು ನೃಪತುಂಗನ ಸಭೆಯಲ್ಲಿ ವಾದಿಸಿದುದನ್ನು ಹೇಳಿರುವನು. ಈ ನೃಪತುಂಗನು ಅಮೋಘವರ್ಷನೇ (814–878) ಎಂಬುದು ಬಹುಮಂದಿ ವಿದ್ವಾಂಸರ ಮತ. ಇದನ್ನೇ ಹಿಡಿದು ಆಚಾರ್ಯನನ್ನು ಅರಸನ ಔಷಧಾಧಿಕಾರಿಯೆಂದು ಕರೆಯುವುದು ಅತ್ಯುಕ್ತಿಯೆಂದು ನನ್ನ ಎಣಿಕೆ. ಅಲ್ಲಿ ಕಾಣುವುದು ವಾದದ ಬಲ, ದಂಡದ ಬಲವಲ್ಲ.

ದಂಡಾಧಿಕಾರವುಳ್ಳ ಪರೀಕ್ಷಕನನ್ನು ಕಾಣಬೇಕಾದರೆ, ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲೀಯ ಅರ್ಥಶಾಸ್ತ್ರವನ್ನು ತೆರೆಯಬೇಕು. ಅರಸನಿಗೆ ಕೊಡುವ ಮದ್ದನ್ನು ಬೇಯಿಸಿದವನೂ ಅರೆದವನೂ ವೈದ್ಯನೂ ಮೊದಲು ಸವಿಯತಕ್ಕದ್ದೆಂದು ಅಲ್ಲಿ ವಿಧಿಯಿದೆ. ಪ್ರಜೆಗಳಿಗೆ ಈ ಭಾಗ್ಯವಿಲ್ಲ; ಆದರೂ ಶಾಸ್ತ್ರಕಾರನು ಅವರನ್ನು ಮರೆತಿಲ್ಲ. ಪೇಟೆಯ ಮೇಲ್ವಿಚಾರಕನಾದ ಸಂಸ್ಥಾಧ್ಯಕ್ಷನ ಪ್ರಕರಣದಲ್ಲಿ ಧಾನ್ಯ, ಎಣ್ಣೆ, ಉಪ್ಪುಗಳ ಸಾಲಿನಲ್ಲಿಯೇ ಔಷಧದ್ರವ್ಯವನ್ನೂ ಎಣಿಸಿ, ಅವುಗಳಲ್ಲಿ ಅದೇ ಬಣ್ಣದ ಕೀಳು ವಸ್ತುವನ್ನು ಬೆರಸಿದವನಿಗೆ 12 ಪಣ ದಂಡವನ್ನು ವಿಧಿಸಿರುವನು.

ಕಲ್ಯಾಣಕಾರಕವು ಸೊಲ್ಲಾಪುರದಲ್ಲಿ ಮುದ್ರಿತವಾದ 1940ರಲ್ಲಿಯೇ ಬ್ರಿಟಿಷ್ ಇಂಡಿಯಾದ ಡ್ರಗ್ಸ್ ಆಕ್ಟ್ ಹುಟ್ಟಿದುದು ಕಾಕತಾಳೀಯ. ಕರ್ನಲ್ ಆರ್. ಎನ್. ಚೋಪ್ರಾರವರ ಅಧ್ಯಕ್ಷತೆಯ ವಿಚಾರಣಾಸಮಿತಿಯು (1930–31) ಅದಕ್ಕೆ ದಾರಿಮಾಡಿತ್ತು. ಈ ಕಾಯಿದೆಯ ಇನ್‌ಸ್ಪೆಕ್ಟರನು ಅಂಗಡಿಯಲ್ಲಿ ತೆಗೆದುಕೊಂಡ ಮದ್ದನ್ನು ಸಾಮಾನ್ಯವಾಗಿ ನಾಲ್ಕು ಪಾಲುಮಾಡಿ ಮುದ್ರೆಯೊತ್ತುವನು. ಒಂದು ಪಾಲು ಸರಕಾರೀ ವಿಶ್ಲೇಷಕನಿಗೆ, ಒಂದು ನ್ಯಾಯಾಲಯಕ್ಕೆ, ಒಂದು ಮಾರಿದವನಿಗೇ. ನಾಲಗೆಯ ಸ್ಥಾನಕ್ಕೆ ರಸಾಯನಶಾಲೆ ಬಂದುದು ಆಶ್ಚರ್ಯವಲ್ಲ. ಆರೋಪಿತನ ಕೈಯಲ್ಲಿಯೂ ಸಾಕ್ಷ್ಯವನ್ನಿಡುವ ಈ ಕ್ರಮವನ್ನು ಮಾತ್ರ ಕೌಟಿಲ್ಯನ ಆ ಪ್ರಕರಣದಲ್ಲಿ ನಾನು ಕಾಣೆ. ಮಳಖೇಡವು ಆಗ ನಿಜಾಮರ ಆಳ್ವಿಕೆಗೆ ಸೇರಿದ್ದುದರಿಂದ, ಕಾಯಿದೆಯು ಅಲ್ಲಿಯ ಅಂಗಡಿಗಳನ್ನು ಮುಟ್ಟಿದುದು 1948ರ ಅನಂತರವೇ.