ನಮ್ಮ ಜಿಲ್ಲೆ, ನಮ್ಮ ಚರಿತ್ರೆ | ಭಾಗ 6: ಎರೆಭೂತ ಎಲ್ಲಿ ಹೋತು?

ಗಳಗನಾಥದಾಗ ವರದಾ, ತುಂಗಭದ್ರೆ ಕೂಡೋ ಜಾಗದಲ್ಲಿ ನೀವೂ ಫೋಟೊ ತೆಗೆಸಿಕೊಂಡಿರ್ತೀರಿ. ಹಿಂದೆ ಕಾಣೋ ಗಳಗೇಶ್ವರ ಗುಡಿ 11ನೇ ಶತಮಾನದ್ದು. ಅದು ಚರಿತ್ರೆ ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮ ಅಜ್ಜ-ಅಪ್ಪಂದಿರ ಕಾಲದಲ್ಲೇ ಇದೇ ಜಿಲ್ಲೆಯಿಂದ ಒಂದು ಹಕ್ಕಿ ಮಾಯ ಆತು. ಅದರ ಕಥಿ ಕೇಳೀರೇನು?

ಹೆಸರು ಎರೆಭೂತ. ಹೆಬ್ಬಕ ಅಂತಲೂ ಕರೀತಾರೆ. ಸುಮಾರು ಒಂದು ಮೀಟರ್ ಎತ್ತರ, ಗಂಡು 15 ಕಿಲೋವರೆಗೂ ತೂಗುತ್ತೆ. ಮಿಡತೆ, ಜೀರುಂಡೆ ತಿಂದು ರೈತನಿಗೆ ಉಪಕಾರ ಮಾಡೋ ಹಕ್ಕಿ. ಗೂಡು ಕಟ್ಟೋದಿಲ್ಲ. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ. ಹಂಗಾಗಿ ಅದಕ್ಕೆ ಬೇಕಾಗಿದ್ದು ದೂರದವರೆಗೂ ಕಣ್ಣು ಹಾಯೋ ಹುಲ್ಲುಗಾವಲು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಜಾಗ ಅಭಯಾರಣ್ಯ ಆತು. ಚಿಗರಿ ಉಳಿದವು, ಇವತ್ತೂ ಸಾವಿರಾರು ಅದಾವ. ಎರೆಭೂತ ಮಾತ್ರ ಉಳೀಲಿಲ್ಲ.

ಯಾಕೆ? ಆ ಜಾಗದ ಬಹುಪಾಲು ನೀಲಗಿರಿ ನೆಡುತೋಪು ಆಗಿತ್ತು. ನೆಟ್ಟವರು ಕೆಟ್ಟವರೇನಲ್ಲ. ಮರ ಇಲ್ಲದ ನೆಲ ಅಂದ್ರೆ ಬಂಜರು, ಹಸಿರು ಮಾಡಿದ್ರೆ ಒಳ್ಳೇದು ಅಂತ ಆಗ ಎಲ್ಲರೂ ನಂಬಿದ್ರು. ಲೆಕ್ಕದ ಪುಸ್ತಕದಲ್ಲಿ ಕಟ್ಟಿಗೆಗೆ ಬೆಲೆ ಇತ್ತು, ಹುಲ್ಲಿಗೆ ಇರಲಿಲ್ಲ. ಇದರ ಜೊತೆಗೆ ಬೇಟೆ ಇತ್ತು, ಬಯಲೆಲ್ಲ ಉಳುಮೆಗೆ ಹೋತು.

ಈಗ ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ದೇಶದಲ್ಲಿ ಉಳಿದವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. ಅಲ್ಲೂ ವಿದ್ಯುತ್ ತಂತಿಗೆ ಬಡಿದು ಸಾಯ್ತಾವೆ, ಎದುರಿಗಿರೋದು ಅದಕ್ಕೆ ಸರಿಯಾಗಿ ಕಾಣೋದಿಲ್ಲ.

ಮತ್ತೆ ನಾವೇನು ಮಾಡೋದು? ಎರಡು ಮಾತು ಹೇಳ್ತೀನಿ. ಜೂನ್ 5ಕ್ಕೆ ಸಸಿ ನೆಡೋಕೆ ಕರೆದ್ರೆ ಹೋಗ್ರಿ, ಆದರೆ ಮೊದಲು "ಇದು ಯಾವ ನೆಲ, ಇಲ್ಲಿ ಏನು ಬದುಕಿತ್ತು?" ಅಂತ ಕೇಳ್ರಿ. ಹುಲ್ಲುಗಾವಲಿನಲ್ಲಿ ಗುಂಡಿ ತೋಡೋದು ಪರಿಸರ ಸೇವೆ ಅಲ್ಲ.

ಎರಡನೇದು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಹಕ್ಕಿ, ಮೀನು, ಬೀಜದ ತಳಿ ಎಲ್ಲ ಬರೆದಿಡೋ ದಾಖಲಾತಿಯೂ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ, ತೋರಿಸ್ರಿ ಅಂತ ಕೇಳ್ರಿ.

ಅದಕ್ಕೂ ಮೊದಲು ಇವತ್ತು ರಾತ್ರಿ ಊಟದ ಹೊತ್ತಿಗೆ ಅಜ್ಜನ್ನೋ ಅಮ್ಮನ್ನೋ ಕೇಳ್ರಿ: "ಎರೆಭೂತ ನೋಡಿದ್ದೆಯೇನು?" ಅವರು ಏನಂದ್ರು ಅಂತ ಕೆಳಗೆ ಬರೀರಿ. ನೋಡಿದವರು ಹೇಳೋದನ್ನ ಈಗಲೇ ಬರೆದಿಡೋಣ.