ಚಂದ್ರನ ಮೇಲೆ ಕಳೆದುಹೋಗಿದ್ದ ಗಾಡಿ

ಜಮೀನು ಅಳೆಯಲು ಬಂದ ಸರ್ವೆಯರ್ ಮೊದಲು ಹುಡುಕುವುದು ಹಳೆಯ ಗಡಿಕಲ್ಲನ್ನು. ಅದು ಸಿಗದಿದ್ದರೆ ಕೈಯಲ್ಲಿ ನಕ್ಷೆ ಇದ್ದೂ ಅಳತೆ ಶುರುವಾಗುವುದಿಲ್ಲ. ಚಂದ್ರನ ಅಳತೆಯಲ್ಲೂ ಇಂಥದ್ದೊಂದು ಗಡಿಕಲ್ಲು ಸುಮಾರು 40 ವರ್ಷ ಕಾಣೆಯಾಗಿತ್ತು.

1970ರ ನವೆಂಬರ್ 17ರಂದು ಸೋವಿಯತ್ ಒಕ್ಕೂಟದ ಲೂನಾ 17 ನೌಕೆ ಚಂದ್ರನ 'ಮಳೆಗಳ ಸಮುದ್ರ'ದಲ್ಲಿ ಇಳಿಯಿತು. ಹೆಸರಿಗಷ್ಟೇ ಸಮುದ್ರ, ಅದು ಒಣ ಬಯಲು. ನೌಕೆಯಿಂದ ಹೊರಬಂದ ಎಂಟು ಚಕ್ರದ ಲೂನೋಖೋದ್ 1 ಗಾಡಿಯನ್ನು ಭೂಮಿಯ ಮೇಲೆ ಕೂತವರೇ ಓಡಿಸಿದರು. ಹತ್ತು ತಿಂಗಳಲ್ಲಿ ಅದು ಸುಮಾರು 10 ಕಿ.ಮೀ. ಓಡಾಡಿತು. 1971ರ ಸೆಪ್ಟೆಂಬರ್ 14ರಂದು ಸಂಪರ್ಕ ಕಡಿಯಿತು.

ಗಾಡಿ ಸತ್ತರೂ ಅದರ ಮೇಲೊಂದು ಕೆಲಸದ ವಸ್ತು ಉಳಿದಿತ್ತು. ಫ್ರಾನ್ಸ್‌ನವರು ಮಾಡಿಕೊಟ್ಟ ಪ್ರತಿಫಲಕ. ಬೆಳಕು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ವಾಪಸ್ ಕಳಿಸುವ ಗಾಜು. ಇದಕ್ಕೆ ಬ್ಯಾಟರಿ ಬೇಡ. ಭೂಮಿಯಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಬೆಳಕು ಹೋಗಿ ಬರುತ್ತದೆ. ಆ ಸಮಯದಿಂದ ದೂರ ಲೆಕ್ಕ ಹಾಕಬಹುದು. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ ಎಂದು ಗೊತ್ತಾದದ್ದು ಅಪೊಲೊ ಯಾತ್ರಿಗಳು ಬಿಟ್ಟುಬಂದ ಇಂಥ ಗಾಜುಗಳಿಂದಲೇ. ಲೂನೋಖೋದ್ ಮಾತ್ರ ಸಿಗಲಿಲ್ಲ, ಏಕೆಂದರೆ ಅದು ನಿಂತ ಜಾಗ ಸರಿಯಾಗಿ ಗೊತ್ತಿರಲಿಲ್ಲ. ಹುಡುಕುವವರು ಕೆಲವು ಕಿ.ಮೀ. ಆಚೆಗೆ ಗುರಿ ಹಿಡಿದು ಲೇಸರ್ ಬಿಡುತ್ತಿದ್ದರು.

2009ರಲ್ಲಿ ನಾಸಾದ ಎಲ್‌ಆರ್‌ಒ ನೌಕೆ ಚಂದ್ರನನ್ನು ಸುತ್ತತೊಡಗಿತು. 50 ಕಿ.ಮೀ. ಎತ್ತರದಿಂದ ಅದು ತೆಗೆದ ಫೋಟೊದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಅರ್ಧ ಮೀಟರ್. ಎರಡು ಮೀಟರ್ ಚಿಲ್ಲರೆ ಉದ್ದದ ಗಾಡಿ ನಾಲ್ಕೈದು ಚುಕ್ಕಿಯಾಗಿ ಕಾಣುತ್ತದೆ. 2010ರ ಮಾರ್ಚ್‌ನಲ್ಲಿ ಅದೂ ಕಂಡಿತು, ಚಕ್ರದ ಜಾಡೂ ಕಂಡಿತು.

ಫೋಟೊದಲ್ಲಿ ಕಂಡರಾಯಿತೇ? ಆ ಚುಕ್ಕಿ ನೆಲದ ಮೇಲೆ ಎಲ್ಲಿದೆ ಎಂದು ಹೇಳುವುದೇ ಕಷ್ಟದ ಕೆಲಸ. ಕ್ಯಾಮೆರಾ ಚಿತ್ರವನ್ನು ಗೆರೆ ಗೆರೆಯಾಗಿ ತೆಗೆಯುತ್ತದೆ. ಪ್ರತಿ ಗೆರೆಯ ಹೊತ್ತಿಗೆ ನೌಕೆ ಎಲ್ಲಿತ್ತು, ಕ್ಯಾಮೆರಾ ಯಾವ ಕಡೆ ವಾಲಿತ್ತು, ಕೆಳಗಿನ ನೆಲದ ಎತ್ತರ ಎಷ್ಟು, ಮೂರೂ ಬೇಕು. ನೌಕೆ ಸೆಕೆಂಡಿಗೆ ಸುಮಾರು 1.6 ಕಿ.ಮೀ. ಓಡುತ್ತದೆ. ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೂ ಚುಕ್ಕಿ 160 ಮೀಟರ್ ಜರುಗಿತು. ಕ್ಯಾಮೆರಾದ ದಿಕ್ಕು ಒಂದು ಡಿಗ್ರಿ ತಪ್ಪಿದರೆ ಮುಗಿದೇ ಹೋಯಿತು, 870 ಮೀಟರ್!

ಈ ಲೆಕ್ಕ ಸರಿ ಬಂದಿತ್ತು. 2010ರ ಏಪ್ರಿಲ್ 22ರಂದು ಅಮೆರಿಕದ ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್ ವೀಕ್ಷಣಾಲಯದಿಂದ ಟಾಮ್ ಮರ್ಫಿ ತಂಡ ಆ ಜಾಗಕ್ಕೆ ಲೇಸರ್ ಬಿಟ್ಟಿತು. ಮೊದಲ ಪ್ರಯತ್ನದಲ್ಲೇ ಸುಮಾರು 2,000 ಬೆಳಕಿನ ಕಣಗಳು ವಾಪಸ್ ಬಂದವು. ಅಷ್ಟು ವರ್ಷ ಬಿಸಿಲು ಚಳಿ ತಿಂದ ಗಾಜು, 1973ರಲ್ಲಿ ಹೋದ ತಮ್ಮ ಲೂನೋಖೋದ್ 2ಕ್ಕಿಂತಲೂ ಚೆನ್ನಾಗಿ ಮಿನುಗಿತು. ನಮಗೆ ಈ ಕಥೆಯಲ್ಲಿ ಬಹಳ ಇಷ್ಟವಾದದ್ದು ಇದೇ.

ಆಮೇಲೆ ಕೆಲಸ ತಿರುಗುಮುರುಗಾಯಿತು. ಲೇಸರ್‌ನಿಂದ ಗಾಜುಗಳ ಜಾಗ ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತು. ಫೋಟೊದಲ್ಲಿ ಅವು ಕಂಡ ಜಾಗಕ್ಕೂ ಇದಕ್ಕೂ ತಾಳೆ ನೋಡಿ, ಕ್ಯಾಮೆರಾದ ತಪ್ಪನ್ನೇ ತಿದ್ದಿದರು. ಬರೀ ಐದು ಗಡಿಕಲ್ಲು, ಎಲ್ಲವೂ ಚಂದ್ರನ ನಮಗೆ ಕಾಣುವ ಮುಖದಲ್ಲೇ. ದಕ್ಷಿಣದ ತುದಿಯ ಕಡೆ ಒಂದೂ ಇರಲಿಲ್ಲ.

2023ರ ಆಗಸ್ಟ್ 23ರಂದು ಅಲ್ಲಿಗೆ ಹತ್ತಿರ ಇಳಿದ ನಮ್ಮ ವಿಕ್ರಮ್ ಮೇಲೆ ನಾಸಾ ಕೊಟ್ಟ 5 ಸೆಂ.ಮೀ. ಅಗಲದ ಪುಟ್ಟ ಪ್ರತಿಫಲಕವಿದೆ. ವಿಕ್ರಮ್ ಸೆಪ್ಟೆಂಬರ್‌ನಲ್ಲೇ ಮಲಗಿತು. ಡಿಸೆಂಬರ್ 12ರಂದು ಅದೇ ಎಲ್‌ಆರ್‌ಒ, 100 ಕಿ.ಮೀ. ದೂರದಿಂದ ಲೇಸರ್ ಬಿಟ್ಟಿತು. ಬೆಳಕು ವಾಪಸ್ ಬಂತು.