ಟ್ಯೂಬಿಂಗನ್‌ನಿಂದ ಧಾರವಾಡದವರೆಗೆ: ಚಾರಿತ್ರಿಕ ಯೇಸುವಿನ ಅಧ್ಯಯನ

ಚಾರಿತ್ರಿಕ ಯೇಸುವಿನ ಶೋಧ ಜರ್ಮನಿಯಲ್ಲಿ 18ನೆಯ ಶತಮಾನದಲ್ಲಿ ಮೊದಲಾಯಿತು. ಹ್ಯಾಂಬರ್ಗಿನ ವಿದ್ವಾಂಸ ರೈಮಾರಸ್ ಬರೆದಿಟ್ಟಿದ್ದ ಹಸ್ತಪ್ರತಿಯ ಕೆಲವು ಭಾಗಗಳನ್ನು, ಅವರು ತೀರಿಕೊಂಡ ಮೇಲೆ, 1774ರಿಂದ 1778ರ ನಡುವೆ ಲೇಖಕ ಲೆಸ್ಸಿಂಗ್ ಅಚ್ಚು ಹಾಕಿಸಿದರು. ಯೇಸುವನ್ನು ಅವರ ಕಾಲದ ಯೆಹೂದ್ಯರ ನಿರೀಕ್ಷೆಗಳ ನಡುವೆಯೇ ಇಟ್ಟು ನೋಡಬೇಕೆಂಬ ವಾದ ಅದರಲ್ಲಿತ್ತು. 1835ರಲ್ಲಿ ಟ್ಯೂಬಿಂಗನ್ನಿನ ತರುಣ ಬೋಧಕ ಡೇವಿಡ್ ಸ್ಟ್ರೌಸ್ ಯೇಸುವಿನ ಜೀವನದ ಬಗ್ಗೆ ಬರೆದು, ಸುವಾರ್ತೆಗಳ ಪವಾಡಗಳನ್ನು ಪುರಾಣಕಲ್ಪನೆಗಳೆಂದು ವಿವರಿಸಿದರು. ಅದರಿಂದ ಅವರು ಬೋಧಕ ಹುದ್ದೆಯನ್ನೇ ಕಳೆದುಕೊಂಡರು.

ಮರುವರ್ಷ, 1836ರಲ್ಲಿ, ಅದೇ ಟ್ಯೂಬಿಂಗನ್ನಿನಲ್ಲಿ ಓದಿದ ಇಬ್ಬರು ಭಾರತಕ್ಕೆ ಬಂದರು. ಸ್ಟ್ರೌಸ್‌ರ ಶಿಷ್ಯರಾಗಿದ್ದು, ಆಮೇಲೆ ಕ್ರೈಸ್ತ ಭಕ್ತಿಪಂಥದ ಕಡೆ ತಿರುಗಿದ ಹರ್ಮನ್ ಗುಂಡರ್ಟ್ ಮಲಯಾಳ ಸೀಮೆಯಲ್ಲಿ ನೆಲೆಸಿದರು. ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದರು. ಮೋಗ್ಲಿಂಗ್ ಸೇರಿದ್ದ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರ ತೆರೆಯಿತು. ವಿಮರ್ಶೆಯ ತವರಿನ ವಿದ್ವತ್ತು ಈ ಎರೆಸೀಮೆಗೆ ಇಷ್ಟು ಬೇಗ ತಲುಪಿತಾದರೂ ಆ ವಿಮರ್ಶೆ ಮಾತ್ರ ಜತೆಗೆ ಬರಲಿಲ್ಲ. ಮಿಷನರಿಗಳ ನಿಷ್ಠೆ ಶ್ರದ್ಧೆಯ ಯೇಸುವಿಗೇ ಮೀಸಲಾಗಿತ್ತು.

ಅವರ ಪಾಂಡಿತ್ಯವೆಲ್ಲ ಹರಿದದ್ದು ಕನ್ನಡದ ಕಡೆಗೆ. 1853ರಲ್ಲಿ ಬಂದು ಧಾರವಾಡದಲ್ಲಿ ಕೆಲಸ ಮಾಡಿದ ಫರ್ಡಿನಾಂಡ್ ಕಿಟೆಲ್, 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಪದ್ಯಕ್ಕೆ ತಂದರು. ಗಲಿಲಾಯದ ಬೋಧಕ ಅಲ್ಲಿ ಕನ್ನಡದ ಕಾವ್ಯನಾಯಕನಾದ. ಕೃತಿಯ ಸಾಧನೆ ದೊಡ್ಡದು. 1894ರಲ್ಲಿ ಅವರ ಕನ್ನಡ ನಿಘಂಟು ಬಂದ ಮೇಲೆ, 1896ರಲ್ಲಿ, ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟೆಲ್‌ರಿಗೆ ಗೌರವ ಡಾಕ್ಟರೇಟ್ ನೀಡಿತು.

ಯುರೋಪಿನ ಶೋಧ ಅಷ್ಟರಲ್ಲಿ ಬೇರೆ ತಿರುವು ಪಡೆಯುತ್ತಿತ್ತು. ಆಲ್ಬರ್ಟ್ ಶ್ವೈಟ್ಸರ್ 1906ರಲ್ಲಿ ಅದರ ಇತಿಹಾಸ ಬರೆದು, ಪ್ರತಿ ಲೇಖಕನೂ ತನ್ನ ಕಾಲದ ಮುಖವನ್ನೇ ಯೇಸುವಿನಲ್ಲಿ ಕಂಡನೆಂದು ತೋರಿಸಿದರು. 1922ರಲ್ಲಿ ಯೋಸೆಫ್ ಕ್ಲೌಸ್ನರ್ ಹೀಬ್ರೂ ಭಾಷೆಯಲ್ಲೇ ಯೇಸುವಿನ ಚರಿತ್ರೆ ಬರೆದರು. 1947ರಿಂದ ಮೃತಸಮುದ್ರದ ದಡದ ಗುಹೆಗಳಲ್ಲಿ ದೊರೆತ ಸುರುಳಿಗಳು ಆ ಕಾಲದ ಯೆಹೂದ್ಯ ಧರ್ಮದ ವೈವಿಧ್ಯವನ್ನು ಬಯಲು ಮಾಡಿದವು. ಗೇಜಾ ವೆರ್ಮೆಶ್ 1973ರಲ್ಲಿ, ಇ. ಪಿ. ಸ್ಯಾಂಡರ್ಸ್ 1985ರಲ್ಲಿ ಬರೆದ ಕೃತಿಗಳು ಯೇಸುವನ್ನು ಯೆಹೂದ್ಯ ಸಮಾಜದ ಒಳಗಿನವರೆಂದೇ ಗಟ್ಟಿಯಾಗಿ ಸ್ಥಾಪಿಸಿದವು.

ಇದಕ್ಕೆ ಉದಾಹರಣೆಯಾಗಿ ಸುವಾರ್ತೆಗಳಲ್ಲಿ ಬರುವ ತೆನೆ ಕಿತ್ತ ಪ್ರಸಂಗವನ್ನು ನೋಡಬಹುದು. ಹುಬ್ಬಳ್ಳಿ ಬಳಿಯ ಸುಳ್ಳ ಊರಿನ ಕಡೆಯ ಹೊಲದ ಬದುವಿನ ಮೇಲೆ ನಡೆದವರಿಗೆ ಅದು ಪರಕೀಯವೆನಿಸದು. ಸಬ್ಬತ್ ದಿನ ಹೊಲ ಹಾದು ಹೋಗುತ್ತಿದ್ದ ಶಿಷ್ಯರು ತೆನೆ ಕಿತ್ತು ತಿಂದರು. ಕಳವಿನ ಆಕ್ಷೇಪ ಅಲ್ಲಿಲ್ಲ. ನೆರೆಯವನ ಪೈರಿನ ತೆನೆಯನ್ನು ಕೈಯಿಂದ ಕೀಳಲು ಬೈಬಲಿನ ಧರ್ಮೋಪದೇಶಕಾಂಡವೇ ಒಪ್ಪುತ್ತದೆ. ವಿಶ್ರಾಂತಿಯ ದಿನ ಕಿತ್ತದ್ದು ಕೊಯ್ಲಿನ ಕೆಲಸವಾಯಿತೇ ಎಂಬುದಷ್ಟೇ ಫರಿಸಾಯರೆಂಬ ಶಾಸ್ತ್ರನಿಷ್ಠ ಯೆಹೂದ್ಯ ಪಂಗಡದವರ ತಕರಾರು. ಯೇಸು ನಿಯಮವನ್ನು ತಳ್ಳಿಹಾಕದೆ, ಹಸಿದ ದಾವೀದ ನೈವೇದ್ಯದ ರೊಟ್ಟಿ ತಿಂದದ್ದನ್ನು ಉದಾಹರಿಸುತ್ತಾರೆ. ಶಾಸ್ತ್ರಕ್ಕೆ ಶಾಸ್ತ್ರದಿಂದಲೇ ಉತ್ತರ ಕೊಡುವ ಈ ಕ್ರಮ ಯೆಹೂದ್ಯ ಪಂಡಿತರದೇ. ಕುಷ್ಠರೋಗಿಯನ್ನು ವಾಸಿಮಾಡಿದ ಮೇಲೂ, ಮೋಶೆ ವಿಧಿಸಿದ ಕಾಣಿಕೆ ಸಲ್ಲಿಸಲು ಅವನನ್ನು ಯಾಜಕನ ಬಳಿಗೇ ಕಳಿಸುತ್ತಾರೆ. ಹಾಗಾಗಿ ಫರಿಸಾಯರನ್ನು ಬರೀ ಕಪಟಿಗಳೆಂದು, ಯೆಹೂದ್ಯ ಧರ್ಮವನ್ನು ಒಣ ಕಟ್ಟಳೆಯೆಂದು ಚಿತ್ರಿಸಿದ ಹಳೆಯ ಯುರೋಪಿಯನ್ ಓದು ಅನ್ಯಾಯದ್ದೆಂದು ಸ್ಯಾಂಡರ್ಸ್ ಪುರಾವೆ ಸಮೇತ ತೋರಿಸಿದರು.

ಇತ್ತ ಕನ್ನಡದಲ್ಲಿ ಮಂಜೇಶ್ವರದ ಕವಿ ಗೋವಿಂದ ಪೈಗಳ 'ಗೊಲ್ಗೊಥಾ' ಶಿಲುಬೆಯ ದಿನವನ್ನು ಕಾವ್ಯವಾಗಿಸಿದೆ. ದೇವಶಾಸ್ತ್ರದ ಕಲಿಕೆಗೆ 1965ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ರೂಪುಗೊಂಡಿತು. ಬಾಸೆಲ್ ಮಿಷನ್ನಿನ ಹಳೆಯ ಸೆಮಿನರಿ ಅದರಲ್ಲಿ ವಿಲೀನವಾಯಿತು.